ಬಚ್ಚಿಟ್ಟಿದ್ದೆಲ್ಲ ಬೆಳಕಿಗೆ

ಲಾಸ್ ಏಂಜಲೀಸಿನ ವಿಲ್ಶೈರ್ ಬುಲೆವಾರ್ಡಿನಲ್ಲಿ ಬಸ್ಸಿಳಿದರೆ ಮೊದಲು ಮೂಗಿಗೆ ಬಡಿಯುವುದು ಡಾಂಬರಿನ ವಾಸನೆ. ಯಾರೂ ರಸ್ತೆ ಹಾಕುತ್ತಿಲ್ಲ. ಪಕ್ಕದ ಲಾ ಬ್ರೇಯ ಹೊಂಡಗಳಲ್ಲಿ ನೆಲದಡಿಯಿಂದ ಡಾಂಬರು ಇವತ್ತಿಗೂ ಉಕ್ಕುತ್ತಿದೆ. ಹಿಮಯುಗದ ಪ್ರಾಣಿಗಳು ಸಿಕ್ಕಿಹಾಕಿಕೊಂಡು ಸತ್ತದ್ದು ಇದರಲ್ಲೇ. ನಾಲ್ಕು ಹೆಜ್ಜೆ ಮುಂದೆ, ಫೇರ್‌ಫ್ಯಾಕ್ಸ್ ಮೂಲೆಯಲ್ಲಿ, ಚಿನ್ನದ ಬಣ್ಣದ ಚೂರುಗಳನ್ನು ಮೈತುಂಬ ಅಂಟಿಸಿಕೊಂಡ ದುಂಡನೆಯ ಗೋಪುರ ಬಿಸಿಲಿಗೆ ಕಣ್ಣು ಕುಕ್ಕುತ್ತದೆ. 1939ರಲ್ಲಿ ಅಂಗಡಿ ಮಳಿಗೆಯಾಗಿ ಎದ್ದ ಈ ಕಟ್ಟಡ 2021ರ ಸೆಪ್ಟೆಂಬರ್ 30ರಿಂದ ಅಕಾಡೆಮಿ ಮ್ಯೂಸಿಯಂ. ಆಸ್ಕರ್ ಕೊಡುವವರೇ ಕಟ್ಟಿಸಿದ ಸಿನಿಮಾ ಮ್ಯೂಸಿಯಂ.

ಹಳೆಯ ಕಟ್ಟಡದ ಬೆನ್ನಿಗೆ ಕಾಂಕ್ರೀಟಿನ ದೊಡ್ಡ ಗೋಳವೊಂದು ನೆಲಕ್ಕೆ ತಾಗದ ಹಾಗೆ ನಿಂತಿದೆ. ತಂಗಿಯ ಮಗ ಕೈ ಜಗ್ಗುತ್ತಾನೆ. ‘‘ಮಾಮ, ಡೆತ್ ಸ್ಟಾರ್!’’ ಇದನ್ನು ಕಟ್ಟಿದ ರೆಂಜೊ ಪಿಯಾನೊ, ದಯವಿಟ್ಟು ಹಾಗನ್ನಬೇಡಿ, ಸೋಪಿನ ಗುಳ್ಳೆ ಅನ್ನಿ ಎಂದು ಕೇಳಿಕೊಂಡವರು. ‘ಸ್ಟಾರ್ ವಾರ್ಸ್’ ನೋಡಿ ಬೆಳೆದ ಹುಡುಗನಿಗೆ ಈ ಮಾತು ಹೇಳಿ ಉಪಯೋಗವಿಲ್ಲ. ನಿಜ ಹೇಳಬೇಕೆಂದರೆ ನನಗೂ ಡೆತ್ ಸ್ಟಾರೇ ಕಾಣುತ್ತಿದೆ.

ಎಸ್ಕಲೇಟರ್ ಹತ್ತುತ್ತೇವೆ. ತಲೆಯೆತ್ತಿದರೆ ಮೇಲೆ ಬಾಯಿ ತೆರೆದುಕೊಂಡು ತೇಲುತ್ತಿದೆ ಶಾರ್ಕ್. 25 ಅಡಿ ಉದ್ದ, 1,208 ಪೌಂಡು ತೂಕ, ಅಂದರೆ ಸುಮಾರು 548 ಕಿಲೋ. ಹೆಸರು ಬ್ರೂಸ್, ಸ್ಪಿಲ್‌ಬರ್ಗ್ ತಮ್ಮ ವಕೀಲರ ಹೆಸರನ್ನೇ ‘ಜಾಸ್’ ಚಿತ್ರದ ಶಾರ್ಕಿಗೆ ಇಟ್ಟಿದ್ದರು.

‘‘ಪಿಕ್ಚರಲ್ಲಿ ಇದ್ದಿದ್ದು ಇದೇನಾ ಮಾಮ?’’

‘‘ಅಲ್ಲ ಕಣೋ, ಇದು ಅದರ ತಮ್ಮ.’’

ಶೂಟಿಂಗಿಗೆ ಬಳಸಿದ ಮೂರು ಶಾರ್ಕುಗಳೂ ಹಾಳಾಗಿ ಹೋದವು. ಅದೇ ಅಚ್ಚಿನಲ್ಲಿ ಫೈಬರ್‌ಗ್ಲಾಸ್ ಎರಕ ಹೊಯ್ದು ತೆಗೆದ ನಾಲ್ಕನೆಯದು ಇದು. ಯೂನಿವರ್ಸಲ್ ಸ್ಟುಡಿಯೋದಲ್ಲಿ ಪ್ರವಾಸಿಗರ ಫೋಟೋಗೆ ನಿಂತು, ಆಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ ಗುಜರಿ ಅಂಗಡಿಯಲ್ಲಿ ಬಿಸಿಲು ಕಾಯಿಸಿಕೊಂಡು, ಕೊನೆಗೆ ಗ್ರೆಗ್ ನಿಕೊಟೆರೊ ಎಂಬ ಮೇಕಪ್ ಕಲಾವಿದರ ಕೈಯಲ್ಲಿ ರಿಪೇರಿಯಾಗಿ ಇಲ್ಲಿಗೆ ಬಂತು. ಲಿಫ್ಟಿನಲ್ಲಿ ಹಿಡಿಸಲಿಲ್ಲ. ಗಾಜು ಬಿಚ್ಚಿ ಕ್ರೇನಿನಲ್ಲಿ ಒಳಗೆ ತಂದರು.

ಒಸಡಿನ ಗುಲಾಬಿ ಬಣ್ಣ, ಹಲ್ಲಿನ ಬುಡ, ಹೊಟ್ಟೆಯ ಬಿಳುಪು, ಎಲ್ಲವೂ ಬೆಳಕಿನಲ್ಲಿ ನಿಚ್ಚಳವಾಗಿ ಕಾಣುತ್ತಿವೆ. ಹೆದರಿಕೆ ಮಾತ್ರ ಆಗುತ್ತಿಲ್ಲ. ಹುಡುಗ ಸೆಲ್ಫಿ ತೆಗೆದುಕೊಳ್ಳುತ್ತಿದ್ದಾನೆ. 1974ರಲ್ಲಿ ಅಟ್ಲಾಂಟಿಕ್‌ನ ಉಪ್ಪುನೀರು ಹೊಕ್ಕು ಶಾರ್ಕಿನ ಯಂತ್ರಗಳು ಪದೇ ಪದೇ ಕೈಕೊಟ್ಟವು. 55 ದಿನಕ್ಕೆಂದು ಹಾಕಿದ್ದ ಶೂಟಿಂಗ್ 159 ದಿನಕ್ಕೆ ಎಳೆಯಿತು. ಶಾರ್ಕ್ ತೋರಿಸಲಾಗದ ನಿರ್ದೇಶಕ ನೀರಿನ ಮಟ್ಟಕ್ಕೆ ಕ್ಯಾಮೆರಾ ಇಳಿಸಿದರು, ಅಲೆಯ ಮೇಲೆ ಓಡುವ ಹಳದಿ ಪೀಪಾಯಿಗಳನ್ನು ತೋರಿಸಿದರು, ಉಳಿದದ್ದನ್ನು ಜಾನ್ ವಿಲಿಯಮ್ಸ್ ಅವರ ಎರಡು ಸ್ವರಗಳಿಗೆ ಬಿಟ್ಟರು. ಜನ ಹೆದರಿ ನಡುಗಿದ್ದು ಕಾಣದ ಶಾರ್ಕಿಗೆ. ಕಂಡ ಶಾರ್ಕ್ ಇಲ್ಲಿ ಫೋಟೋಗೆ ಪೋಸು ಕೊಡುತ್ತಿದೆ.

ಇದೇ ಗುಂಗಿನಲ್ಲಿ ಅನ್ಯಲೋಕದವರ ಗ್ಯಾಲರಿಗೆ ಕಾಲಿಡುತ್ತೇನೆ. ಒಳಗೆ ಮಬ್ಬು. ‘ಸ್ಟಾರ್ ವಾರ್ಸ್’ನ ರೋಬೋ, ಚಿನ್ನದ ಮೈಯ ಸಿ-ಥ್ರೀಪಿಯೊ ನಿಂತಿದ್ದಾನೆ, ಜೊತೆಗೆ ಆರ್-ಟು ಡಿ-ಟು. ಥ್ರೀಪಿಯೊನ ಮುಖದಲ್ಲಿ 1927ರ ‘ಮೆಟ್ರೊಪೊಲಿಸ್’ ಚಿತ್ರದ ಯಂತ್ರಸ್ತ್ರೀಯ ಛಾಯೆ ಸ್ಪಷ್ಟ. ಈ ಕವಚದೊಳಗಿದ್ದ ಆಂಟನಿ ಡೇನಿಯಲ್ಸ್‌ಗೆ ಕೂರಲೂ ಆಗುತ್ತಿರಲಿಲ್ಲ.

‘‘ನಮ್ಮ ಕನ್ನಡದಲ್ಲೂ ರೋಬೋ ಪಿಕ್ಚರ್ ಬಂದಿತ್ತು. 2002ರಲ್ಲಿ. ಹೆಸರೇ ‘ಹಾಲಿವುಡ್’. ಉಪೇಂದ್ರ ರೋಬೋ ಆಗಿದ್ದ.’’

‘‘ಗೋಲ್ಡ್ ಡ್ರೆಸ್ ಹಾಕಿದ್ನಾ?’’

‘‘ಇಲ್ಲಪ್ಪ, ನಮ್ಮ ನಿಮ್ಮ ಹಾಗೇ ಇದ್ದ.’’

‘‘ಮತ್ತೆ ರೋಬೋ ಅಂತ ಹೆಂಗೆ ಗೊತ್ತಾಗೋದು?’’

ಉತ್ತರ ಹುಡುಕುವಷ್ಟರಲ್ಲಿ ಅವನು ಮುಂದಿನ ಗಾಜಿನ ಮುಂದೆ ನಿಂತಾಗಿದೆ. ಒಳಗಿರುವುದು 1979ರ ‘ಏಲಿಯನ್’ ಚಿತ್ರದ ತಲೆ. ಹಿಂದಕ್ಕೆ ಚಾಚಿದ ಉದ್ದನೆಯ ಬುರುಡೆ, ಕಣ್ಣೇ ಇಲ್ಲದ ಮುಖ, ಬಾಯೊಳಗೆ ಇನ್ನೊಂದು ಬಾಯಿ. ಇದನ್ನು ಕಲ್ಪಿಸಿಕೊಂಡವರು ಸ್ವಿಸ್ ಕಲಾವಿದ ಎಚ್.ಆರ್. ಗೀಗರ್. ಹೊತ್ತು ನಡೆದವನು ಬೊಲಾಜಿ ಬದೇಜೊ, ಲಂಡನ್ನಿನಲ್ಲಿ ಓದುತ್ತಿದ್ದ, ಆರೂವರೆ ಅಡಿಗೂ ಮೀರಿ ಬೆಳೆದಿದ್ದ ನೈಜೀರಿಯಾದ ಹುಡುಗ. ನಿರ್ದೇಶಕ ರಿಡ್ಲಿ ಸ್ಕಾಟ್ ಚಿತ್ರದ ಬಹುಪಾಲು ಈ ಪ್ರಾಣಿಯನ್ನು ತುಣುಕು ತುಣುಕಾಗಿ ತೋರಿಸಿದರು: ಒಮ್ಮೆ ದವಡೆ, ಒಮ್ಮೆ ಬಾಲ, ಉಳಿದಂತೆ ಹಬೆ ಮತ್ತು ಕತ್ತಲು.

ಅದೇ ಗ್ಯಾಲರಿಯಲ್ಲಿ ಇ.ಟಿ. ಇದ್ದಾನೆ. 1982ರ ಸ್ಪಿಲ್‌ಬರ್ಗ್ ಚಿತ್ರದ ಇ.ಟಿ. ಮೈಚರ್ಮ ಒಣಶುಂಠಿಯ ಹಾಗೆ ಸುಕ್ಕುಗಟ್ಟಿದೆ, ಬೆರಳುಗಳು ನೀಳ, ಕತ್ತು ಮೇಲೇಳಲು ಸಿದ್ಧವಾಗಿರುವ ಹಾಗಿದೆ. ಏಲಿಯನ್‌ಗೆ ಇಲ್ಲದ ಕಣ್ಣುಗಳೆಲ್ಲ ಇವನಿಗೇ ಬಂದಿವೆ. ಈ ಮುಖ ರೂಪಿಸುವಾಗ ಐನ್‌ಸ್ಟೈನ್, ಹೆಮಿಂಗ್ವೇ, ಕಾರ್ಲ್ ಸ್ಯಾಂಡ್‌ಬರ್ಗ್ ಇವರ ಫೋಟೋಗಳನ್ನು ಎದುರಿಗಿಟ್ಟುಕೊಂಡಿದ್ದರಂತೆ. ಏಲಿಯನ್ನಿನ ದವಡೆ ಆಡುವಂತೆ ಮಾಡಿದವರೂ ಇ.ಟಿ.ಯನ್ನು ಕಟ್ಟಿದವರೂ ಒಬ್ಬರೇ, ಇಟಲಿಯ ಕಾರ್ಲೊ ರಂಬಾಲ್ಡಿ. ಎರಡಕ್ಕೂ ಆಸ್ಕರ್ ಬಂತು. ಕಣ್ಣು ಕಿತ್ತರೆ ಭಯ, ಕಣ್ಣು ಕೊಟ್ಟರೆ ಅಕ್ಕರೆ. ಕಸುಬುದಾರನಿಗೆ ಎರಡೂ ಗೊತ್ತಿತ್ತು.

ಭಾರತದಿಂದ ಬಂದವನಿಗೆ ಇ.ಟಿ.ಯ ಪಕ್ಕ ಇನ್ನೂ ಒಂದು ಜೀವಿ ನಿಂತ ಹಾಗೆ ಅನ್ನಿಸದಿರದು. 1967ರಲ್ಲಿ ಸತ್ಯಜಿತ್ ರಾಯ್ ‘ದಿ ಏಲಿಯನ್’ ಎಂಬ ಚಿತ್ರಕಥೆ ಬರೆದರು. ಬಂಗಾಳದ ಹಳ್ಳಿಯೊಂದರ ಕೆರೆಗೆ ಬಂದಿಳಿಯುವ ಅಂತರಿಕ್ಷ ನೌಕೆ, ಅದರೊಳಗಿನ ನಿರುಪದ್ರವಿ ಪುಟ್ಟ ಜೀವಿ. ಕೊಲಂಬಿಯಾ ಕಂಪನಿ ಆಸಕ್ತಿ ತೋರಿಸಿತು, ಪೀಟರ್ ಸೆಲ್ಲರ್ಸ್ ಹೆಸರು ಕೇಳಿಬಂತು, ಚಿತ್ರ ಮಾತ್ರ ಆಗಲೇ ಇಲ್ಲ. ಕಥೆಯ ಪ್ರತಿಗಳು ಹಾಲಿವುಡ್ಡಿನಲ್ಲಿ ಓಡಾಡಿದ್ದವು, ಅವಿಲ್ಲದೆ ‘ಇ.ಟಿ.’ ಆಗುತ್ತಿರಲಿಲ್ಲ ಎಂದು ರಾಯ್ ನಂಬಿದ್ದರು. ಸ್ಪಿಲ್‌ಬರ್ಗ್ ಒಪ್ಪಲಿಲ್ಲ. 1992ರಲ್ಲಿ ಇದೇ ಅಕಾಡೆಮಿ ರಾಯ್ ಅವರಿಗೆ ಗೌರವ ಆಸ್ಕರ್ ಕೊಟ್ಟಿತು, ಅವರ ಚಿತ್ರಗಳನ್ನು ತನ್ನ ಭಂಡಾರದಲ್ಲಿ ಕಾಪಾಡಿತು. ಆದರೆ ತೆಗೆಯದೇ ಉಳಿದ ಚಿತ್ರವನ್ನು ಎಷ್ಟು ದೊಡ್ಡ ಮ್ಯೂಸಿಯಮ್ಮೂ ಗಾಜಿನೊಳಗೆ ಇಟ್ಟು ತೋರಿಸಲಾರದು.

ಒಂದು ಕೋಣೆಯಿಂದ ಮಕ್ಕಳ ‘ಹೋ’ ಕೇಳಿಬರುತ್ತದೆ. ನುಗ್ಗಿ ನೋಡಿದರೆ ಪಿಕ್ಸರ್‌ನವರ ‘ಟಾಯ್ ಸ್ಟೋರಿ’ ಜೊಯಿಟ್ರೋಪ್. ದೊಡ್ಡ ಚಕ್ರದ ಮೇಲೆ ಸುತ್ತಲೂ ಗೊಂಬೆಗಳು. ಒಂದೊಂದರ ಭಂಗಿ ಪಕ್ಕದ್ದಕ್ಕಿಂತ ಕೂದಲೆಳೆಯಷ್ಟು ಬೇರೆ. ಚಕ್ರ ತಿರುಗುತ್ತದೆ. ಬೆಳಕು ಒಂದೇ ಸಮ ಇರುವ ತನಕ ಬರೀ ಬಣ್ಣದ ಕಲಸುಮೇಲೋಗರ, ಯಾವ ಗೊಂಬೆಯೂ ಕಾಣುವುದಿಲ್ಲ. ಆಮೇಲೆ ಸ್ಟ್ರೋಬ್ ದೀಪ ಪಟಪಟ ಮಿನುಗತೊಡಗುತ್ತದೆ. ಅಷ್ಟೇ, ವುಡಿ ಕುದುರೆ ಓಡಿಸುತ್ತಾನೆ, ಸಿಪಾಯಿಗಳು ಪ್ಯಾರಾಚೂಟಿನಲ್ಲಿ ಧುಮುಕುತ್ತಾರೆ. ‘ಹೋ’ ಎಂದವರಲ್ಲಿ ನಾನೂ ಒಬ್ಬ.

‘‘ಲೈಟ್ ಇದ್ದಾಗ ಯಾಕೆ ಕಾಣಲ್ಲ?’’

‘‘ಮಧ್ಯೆ ಮಧ್ಯೆ ಕತ್ತಲು ಬೇಕು ಕಣೋ. ಪ್ರೊಜೆಕ್ಟರಲ್ಲೂ ಹಿಂಗೇ. ಸೆಕೆಂಡಿಗೆ 24 ಫ್ರೇಮ್ ಓಡುತ್ತೆ. ಒಂದು ಸರಿದು ಇನ್ನೊಂದು ಬರೋವಾಗ ಷಟರ್ ಬೆಳಕನ್ನ ಮುಚ್ಚಿಬಿಡುತ್ತೆ. ಅದು ಮುಚ್ಚದಿದ್ರೆ ಪರದೆ ಮೇಲೂ ಇದೇ ಕಲಸುಮೇಲೋಗರ.’’

ಅಂದರೆ ರೀಲಿನ ಕಾಲದಲ್ಲಿ ಎರಡೂವರೆ ಗಂಟೆಯ ಪಿಕ್ಚರಿಗೆ ದುಡ್ಡು ಕೊಟ್ಟು ಕೂತವರು ಅದರಲ್ಲಿ ಬಹಳಷ್ಟು ಹೊತ್ತು ನೋಡಿದ್ದು ಕಪ್ಪು ಪರದೆಯನ್ನೇ. ಶಾರ್ಕನ್ನು ನೀರಿನೊಳಗೆ ಬಿಟ್ಟ ನಿರ್ದೇಶಕರಿಗಿಂತ ಮೊದಲೇ ಯಂತ್ರಕ್ಕೂ ಈ ಗುಟ್ಟು ತಿಳಿದಿತ್ತು: ಎಷ್ಟು ಮುಚ್ಚಬೇಕೋ ಅಷ್ಟು ಮುಚ್ಚಿದರೇ ಸಿನಿಮಾ.

ಗೋಳದ ನೆತ್ತಿಯ ಗಾಜಿನ ಛಾವಣಿಯ ಕೆಳಗೆ ಗಾಳಿ ಚೆನ್ನಾಗಿದೆ. ದೂರದ ಗುಡ್ಡದಲ್ಲಿ ಹಾಲಿವುಡ್ ಎಂಬ ಬಿಳಿ ಅಕ್ಷರಗಳು. ಕಾಲು ಸೋತಿದೆ. ಹುಡುಗ ಮಾತ್ರ ಇನ್ನೂ ಕುಣಿಯುತ್ತಿದ್ದಾನೆ.

‘‘ಎಲ್ಲ ರಬ್ಬರ್ರು, ಫೈಬರ್ರು ಅಂತ ಗೊತ್ತಾಯ್ತಲ್ಲ ಮಾಮ. ಇನ್ನೇನ್ ಹೆದರಿಕೆ? ರಾತ್ರಿ ‘ಏಲಿಯನ್’ ಹಾಕೋಣ.’’

‘‘ನಿಮ್ಮಮ್ಮನ ಹತ್ರ ಬೈಸ್ಕೊಳ್ಳೋದು ನಾನು. ಬೇಕಾದ್ರೆ ‘ಜಾಸ್’ ಹಾಕೋಣ. ಆದ್ರೆ ಲೈಟೆಲ್ಲ ಆರಿಸಿ ನೋಡೋದು.’’

ಅವನು ಸ್ವಲ್ಪ ಹೊತ್ತು ಲೆಕ್ಕ ಹಾಕುತ್ತಾನೆ.

‘‘ಅಡುಗೆಮನೆ ಲೈಟ್ ಒಂದು ಇರ್ಲಿ ಮಾಮ.’’