ಕಿರಿಯನ ನುಡಿ

ಕೊಂಕಲ್ ಗ್ರಾಮದ ದಾರಿಯಲ್ಲಿ, ಮಳೆಗಾಲದ ರಾತ್ರಿ, ಬಂಡಿ ಹೊಡೆಯುವ ತಂದೆಯ ಪಕ್ಕದಲ್ಲಿ ಕುಳಿತ ಹುಡುಗನು “ಎಪ್ಪಾ, ಮುಂದ ಹಳ್ಳ ಬಂದದ” ಎಂದರೆ ತಂದೆಯು ಕೂಡಲೆ ಹಗ್ಗ ಜಗ್ಗುವನು. ಹೇಳಿದವನು ಕಿರಿಯನೆಂದು ಹಳ್ಳವು ಬತ್ತುವುದಿಲ್ಲವಷ್ಟೆ!

ವಿಮಾನಯಾನಕ್ಕೂ ಇದೇ ನ್ಯಾಯವು ಸಲ್ಲುತ್ತದೆ. 2010ನೆಯ ಇಸವಿ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ವಿಮಾನವೊಂದು ಮಂಗಳೂರಿನ ಬಜ್ಪೆಯಲ್ಲಿ, ಗುಡ್ಡದ ನೆತ್ತಿಯ ಮೇಲಿನ ಓಡುದಾರಿಯನ್ನು ಮೀರಿ ಕಮರಿಗೆ ಬಿದ್ದು ಉರಿದುಹೋಯಿತು. ಅದರಲ್ಲಿದ್ದ 166 ಜನರಲ್ಲಿ ಬದುಕಿದವರು 8 ಮಂದಿ ಮಾತ್ರ. ಹಿರಿಯ ಚಾಲಕನು ದಾರಿಯಲ್ಲಿ ಬಹಳ ಹೊತ್ತು ನಿದ್ರಿಸಿದ್ದನೆಂದೂ, ವಿಮಾನವು ತಕ್ಕ ಎತ್ತರಕ್ಕೆ ಇಳಿದಿಲ್ಲವೆಂದು ಕಂಡ ಸಹಚಾಲಕನು, ಇಳಿಯದೆ ಮತ್ತೆ ಮೇಲೇರಬೇಕೆಂದು ಮೂರು ಬಾರಿ ನುಡಿದನೆಂದೂ ವಿಚಾರಣೆಯಿಂದ ತಿಳಿದುಬಂದಿತು. ಆ ನುಡಿ ನಡೆಯಲಿಲ್ಲ.

ಯಂತ್ರವು ಕೆಟ್ಟಿರಲಿಲ್ಲ. ಆದುದರಿಂದಲೇ ವಿಮಾನಸಂಸ್ಥೆಗಳಲ್ಲಿ ಕಿರಿಯರಿಗೆ ಅಂಜದೆ ನುಡಿಯುವುದನ್ನೂ ಹಿರಿಯರಿಗೆ ಅದನ್ನು ಮನ್ನಿಸುವುದನ್ನೂ ಅಭ್ಯಾಸ ಮಾಡಿಸುತ್ತಾರೆ. ಅರಿಯದೆ ಆದ ತಪ್ಪನ್ನು ತಾನಾಗಿ ತಿಳಿಸಿದವನನ್ನು ದಂಡಿಸಬಾರದೆಂಬ ನೀತಿಯೂ ಇದರೊಡನೆ ಬೆಳೆದಿದೆ. ದಂಡನೆಯ ಭಯವಿರುವಲ್ಲಿ ತಪ್ಪುಗಳು ಅಡಗಿ ಕುಳಿತು, ಮತ್ತೊಂದು ದಿನ ಪ್ರಾಣವನ್ನು ಕೇಳುತ್ತವೆ.

ಗುರುಹಿರಿಯರಲ್ಲಿ ಭಕ್ತಿಯನ್ನು ಕಲಿಸುವ ಮನೆಗಳು, ಆಪತ್ತಿನಲ್ಲಿ ಹಿರಿಯರನ್ನು ತಡೆಯುವುದೂ ಭಕ್ತಿಯೇ ಎಂದು ಮಕ್ಕಳಿಗೆ ಕಲಿಸುವುದು ಒಳ್ಳೆಯದು.