ಇಲಿಯ ಸುಸ್ತು, ಅತ್ತೆಯ ಸುಸ್ತು

ಸುಸ್ತು ಅಂದರೇನು ಅಂತ ಎಲ್ಲರಿಗೂ ಗೊತ್ತು. ಅಳೆದು ತೋರಿಸಿ ಅಂದರೆ ಮಾತ್ರ ಕಷ್ಟ. ಜ್ವರಕ್ಕೆ ಥರ್ಮಾಮೀಟರ್ ಇದೆ, ಬಿ.ಪಿ.ಗೆ ಪಟ್ಟಿ ಇದೆ, ಸುಸ್ತಿಗೆ? ಔಷಧ ವಿಜ್ಞಾನದವರು ಕಂಡುಕೊಂಡ ಉಪಾಯ ಇದು: ಒಂದು ನೀರಿನ ತೊಟ್ಟಿ, ಒಂದು ಬಿಳಿ ಇಲಿ, ಒಂದು ಸ್ಟಾಪ್‌ವಾಚ್.

ಎಂ.ಫಾರ್ಮ ಓದುವಾಗ ಆ ಸ್ಟಾಪ್‌ವಾಚ್ ನನ್ನ ಕೈಯಲ್ಲಿತ್ತು. ನಮ್ಮ ಗಿಡ ಅಶ್ವಗಂಧ. ಹಿರೇಮದ್ದು ಅಂತಾರಲ್ಲ, ಅದೇ. ಬೇರು ಮೂಸಿದರೆ ಕುದುರೆ ವಾಸನೆ. ಎಥಿಕ್ಸ್ ಸಮಿತಿ ಒಪ್ಪಿದ ಮೇಲೆ ಇಲಿಗಳನ್ನು ಗುಂಪು ಮಾಡಿದೆವು. ಒಂದು ಗುಂಪಿಗೆ ಬರೀ ನೀರು, ಉಳಿದವಕ್ಕೆ ಬೇರೆ ಬೇರೆ ಪ್ರಮಾಣದಲ್ಲಿ ಬೇರಿನ ಸಾರ. ದಿನಾ ಬೆಳಗ್ಗೆ ಮೊಂಡು ತುದಿಯ ಸೂಜಿಯಿಂದ ಬಾಯಿಗೆ. ಹೀಗೆ 28 ದಿನ.

ಆಮೇಲೆ ಬಾಲಕ್ಕೆ ಮೈತೂಕದ ಶೇಕಡಾ 5ರಷ್ಟು ಸೀಸದ ತಂತಿ ಸುತ್ತಿ ನೀರಿಗೆ ಬಿಡೋದು. ತೂಕ ಇಲ್ಲದಿದ್ದರೆ ಜಾಣ ಇಲಿಗಳು ಈಜೋದು ಬಿಟ್ಟು ಸುಮ್ಮನೆ ತೇಲ್ತಾವೆ. ನೀರು ತಣ್ಣಗಿದ್ದರೆ ನಾವು ಅಳೆಯೋದು ಸುಸ್ತನ್ನಲ್ಲ, ಚಳಿಯನ್ನು. ಮುಳುಗಿದ ಇಲಿ 10 ಸೆಕೆಂಡ್ ಉಸಿರಿಗೆ ಮೇಲೆ ಬರಲಿಲ್ಲ ಅಂದರೆ ಅದು ದಣಿದಿದೆ ಅಂತ ಲೆಕ್ಕ. ತಕ್ಷಣ ಎತ್ತಿ ಒರೆಸಿ ಬೆಚ್ಚಗಿಡಬೇಕು. ಯಾವ ಇಲಿ ಯಾವ ಗುಂಪಿನದು ಅಂತ ವಾಚ್ ಹಿಡಿದವರಿಗೆ ಗೊತ್ತಿರಬಾರದು. ನಮ್ಮ ಮದ್ದು ಗೆಲ್ಲಲಿ ಅಂತ ಮನಸ್ಸಿರುತ್ತಲ್ಲ, 10ನೇ ಸೆಕೆಂಡಿನಲ್ಲಿ ಬೆರಳು ಅದರ ಮಾತು ಕೇಳುತ್ತೆ.

ಒಂದು ತಮಾಷೆ ನೋಡಿ. 1977ರಲ್ಲಿ ಪೋರ್ಸೋಲ್ಟ್ ಮತ್ತವರ ಜೊತೆಗಾರರು ಇಂಥದ್ದೇ ನೀರಿನ ಪರೀಕ್ಷೆಯನ್ನು ಖಿನ್ನತೆಯ ಔಷಧಿಗಳಿಗಾಗಿ ರೂಪಿಸಿದರು. ಅಲ್ಲಿ ಈಜು ನಿಲ್ಲಿಸಿದ ಇಲಿ ಹತಾಶವಾಗಿದೆ ಅಂತ ಅರ್ಥ. ಇಲ್ಲಿ ದಣಿದಿದೆ ಅಂತ. ಇಲಿಯನ್ನು ಕೇಳಿದವರು ಯಾರೂ ಇಲ್ಲ. ಅದಕ್ಕೇ ವಾಚ್ ಒಂದನ್ನೇ ನಂಬದೆ ರಕ್ತದ ಲ್ಯಾಕ್ಟೇಟ್, ಯೂರಿಯಾ, ಪಿತ್ತಜನಕಾಂಗದ ಗ್ಲೈಕೋಜನ್ ನೋಡ್ತೀವಿ. ಪಿತ್ತಜನಕಾಂಗ ತೆಗೆದ ಮೇಲೆ ಇಲಿ ಪಂಜರಕ್ಕೆ ವಾಪಸ್ ಹೋಗೋದಿಲ್ಲ, ಗೊತ್ತಲ್ಲ.

ಸಾರ ಕುಡಿದ ಇಲಿಗಳು ಸರಾಸರಿ ಹೆಚ್ಚು ಹೊತ್ತು ಈಜಿದವು. ನಾವು ಖುಷಿಪಟ್ಟೆವು. ಗೊತ್ತಾಗಿದ್ದು ಇಷ್ಟೇ: ಆರೋಗ್ಯವಾಗಿದ್ದ ಎಳೆ ಇಲಿಗಳು ಭಾರ ಹೊತ್ತು ಇನ್ನೂ ಸ್ವಲ್ಪ ಹೊತ್ತು ಈಜಬಲ್ಲವು.

ಕೆಲವು ವರ್ಷದ ಮೇಲೆ ನಮ್ಮ ಅತ್ತೆ ಒಂದು ಡಬ್ಬ ತಂದರು. "ಸುಸ್ತಿಗೆ ವೈಜ್ಞಾನಿಕವಾಗಿ ಪರೀಕ್ಷಿಸಲಾಗಿದೆ" ಅಂತ ಬರೆದಿತ್ತು. ಯಾರ ಮೇಲೆ ಅಂತ ಬರೆದಿರಲಿಲ್ಲ. ಮೆಟ್ಟಿಲು ಹತ್ತಿದರೆ ಏದುಸಿರು, ರೆಪ್ಪೆಯ ಒಳಗೆಲ್ಲ ಬಿಳಿಚಿತ್ತು. "ಡಬ್ಬ ಆಮೇಲೆ, ಮೊದಲು ರಕ್ತ ಕೊಡಿ" ಅಂದೆ. ಹಿಮೋಗ್ಲೋಬಿನ್ 7.8. ಅವರಿಗೆ ಬೇಕಿದ್ದದ್ದು ಕಬ್ಬಿಣ, ಜೊತೆಗೆ ರಕ್ತ ಎಲ್ಲಿ ಹೋಗ್ತಿದೆ ಅಂತ ಹುಡುಕುವ ಒಬ್ಬ ವೈದ್ಯರು. ಆ ಡಬ್ಬದಲ್ಲಿ ಎರಡೂ ಇರಲಿಲ್ಲ.

ಅಶ್ವಗಂಧ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಆದರೆ ಥೈರಾಯ್ಡ್ ತೊಂದರೆ ಇದ್ದವರು, ಬಸುರಿಯರು ವೈದ್ಯರನ್ನು ಕೇಳದೆ ತಗೊಳ್ಳಬೇಡಿ. ಅಪರೂಪಕ್ಕೆ ಪಿತ್ತಜನಕಾಂಗಕ್ಕೆ ಪೆಟ್ಟಾದ ವರದಿಗಳೂ ಇವೆ. ವಾರಗಟ್ಟಲೆ ಹೋಗದ ಸುಸ್ತಾದರೆ ಹಿಮೋಗ್ಲೋಬಿನ್, ಸಕ್ಕರೆ, ಥೈರಾಯ್ಡ್ ಮೊದಲು ನೋಡಿಸಿ. ನಮ್ಮ ಇಲಿಗಳು ಜೀವ ಕೊಟ್ಟು ಒಂದೇ ಒಂದು ಪ್ರಶ್ನೆಗೆ ಉತ್ತರ ಹೇಳಿದವು. ಅವುಗಳ ಬಾಯಲ್ಲಿ ಇನ್ನೊಂದು ಉತ್ತರ ತುರುಕಬಾರದು.