ರಂಗದ ರಾಣಿಯರನ್ನು ಕಂಡ ಊರುಗಳು

ಬಳ್ಳಾರಿಯಿಂದ ಸಿರುಗುಪ್ಪದ ಮಾರ್ಗವಾಗಿ ಬರುವ ಪ್ರಯಾಣಿಕನು ದಢೇಸುಗೂರಿನ ಬಳಿ ತುಂಗಭದ್ರೆಯನ್ನು ದಾಟಿದನೆಂದರೆ, ಪ್ರಾಚೀನರು ಎಡೆದೊರೆ ನಾಡೆಂದು ಕರೆದ ಭೂಭಾಗವನ್ನು ಹೊಕ್ಕಂತಾಯಿತು. ದಕ್ಷಿಣಕ್ಕೆ ತುಂಗಭದ್ರೆ, ಉತ್ತರಕ್ಕೆ ಕೃಷ್ಣೆ. ನಡುವಿನ ಈ ನೆಲಕ್ಕಾಗಿ ವಿಜಯನಗರದ ಅರಸರೂ ಬಹಮನಿ ಸುಲ್ತಾನರೂ ಹೊಡೆದಾಡಿದ ಕಥೆ ಶಾಲೆಯ ಮಕ್ಕಳಿಗೂ ಗೊತ್ತು. ಮೊದಲು ಸಿಗುವುದು ಸಿಂಧನೂರು, ಆ ಮೇಲೆ ಮಸ್ಕಿ, ಅದರಾಚೆ ಲಿಂಗಸುಗೂರು. ಒಂದೇ ರಸ್ತೆಗೆ ಪೋಣಿಸಿದಂತಿರುವ ಈ ಮೂರು ಊರುಗಳಿಗೆ ಬಂದವರು ನೋಡಬೇಕಾದುದೇನೆಂದು ಕೇಳಿದರೆ ಅಶೋಕನ ಶಾಸನ, ಮುದುಗಲ್ಲಿನ ಕೋಟೆ, ಹಟ್ಟಿಯ ಚಿನ್ನದ ಗಣಿ ಎಂಬ ಉತ್ತರ ಸಿದ್ಧವಾಗಿರುತ್ತದೆ. ಆದರೆ ಇಲ್ಲಿಯ ವಯಸ್ಸಾದವರನ್ನು ಸಂಜೆಯ ಹೊತ್ತು ಕಟ್ಟೆಯ ಮೇಲೆ ಮಾತಿಗೆಳೆದರೆ ಅವರು ಹೇಳುವುದು ಕಲ್ಲಿನ ಕಥೆಯನ್ನಲ್ಲ. ಗ್ಯಾಸ್ ದೀಪದ ಬೆಳಕಿನಲ್ಲಿ ಕಂಡ ದ್ರೌಪದಿಯ ಕಥೆಯನ್ನು, ಬೆಳಗಿನ ಜಾವದವರೆಗೆ ಕೇಳಿದ ಒಂದು ಹಾಡಿನ ಕಥೆಯನ್ನು.

ಸಿಂಧನೂರು ಇಂದು ಭತ್ತದ ಊರು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬರುವ ಮುನ್ನ ಇದು ಜೋಳ, ಹತ್ತಿಗಳ ಕಪ್ಪು ನೆಲವಾಗಿತ್ತು. 1948ರವರೆಗೆ ನಿಜಾಮನ ಆಳ್ವಿಕೆಯಲ್ಲಿದ್ದು 1956ರಲ್ಲಿ ವಿಶಾಲ ಮೈಸೂರು ರಾಜ್ಯಕ್ಕೆ ಸೇರಿದ ಈ ನಾಡಿನಲ್ಲಿ ಕನ್ನಡದ ಶಾಲೆಗಳು ವಿರಳವಾಗಿದ್ದ ದಿನಗಳಲ್ಲಿ ಕನ್ನಡವನ್ನು ಮನೆಮನೆಗೆ ತಲುಪಿಸಿದ ಒಂದು ಬಂಡಿ ನಾಟಕದ್ದು. ಸುಗ್ಗಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಆಡತೊಡಗಿದಾಗ ಜಾತ್ರೆಗಳು ಆರಂಭವಾಗುತ್ತವೆ. ಬನದ ಹುಣ್ಣಿಮೆಗೆ ಸಿಂಧನೂರಿನ ಸಮೀಪದ ಅಂಬಾಮಠದಲ್ಲಿ ದೇವಿಯ ತೇರು. ಚಿದಾನಂದಾವಧೂತರು ದೇವಿಯ ಮಹಾತ್ಮೆಯನ್ನು ಕನ್ನಡದಲ್ಲಿ ಹಾಡಿದ ಸ್ಥಳವದು. ಜಾತ್ರೆಯೆಂದ ಮೇಲೆ ಬೆಂಡು ಬತ್ತಾಸು, ಬಳೆಯಂಗಡಿ, ತೊಟ್ಟಿಲು. ಇವೆಲ್ಲವನ್ನೂ ಮೀರಿಸಿ ನಾಟಕ. ವಿನೋದವೆಂದರೆ, 1970ರ ಸುಮಾರಿಗೆ ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದು ಸಿಂಧನೂರಿನ ಸುತ್ತಲಿನ ಕ್ಯಾಂಪುಗಳಲ್ಲಿ ನೆಲೆಸಿದ ಕುಟುಂಬಗಳ ಭಾಷೆಯಲ್ಲಿ ‘ಜಾತ್ರಾ’ ಎಂದರೆ ನಾಟಕವೆಂದೇ ಅರ್ಥ. ಕನ್ನಡದಲ್ಲಿ ಆ ಅರ್ಥ ನಿಘಂಟಿಗೆ ಬಂದಿಲ್ಲ. ಬಂದಿದ್ದರೆ ತಪ್ಪೇನೂ ಆಗುತ್ತಿರಲಿಲ್ಲ.

ಆ ಕಾಲದ ನಾಟಕದ ಕಂಪನಿಯೆಂದರೆ ನಡೆದಾಡುವ ಒಂದು ಊರು. ಬಯಲಿನಲ್ಲಿ ಗಳ ನೆಟ್ಟು, ಸುತ್ತ ತಗಡು ಬಡಿದು, ಮೇಲೆ ಪಟ ಎಳೆದರೆ ಥೇಟರು ಸಿದ್ಧ. ರಂಗದ ಮುಂದೆಯೇ ಚಾಪೆ, ಅದರ ಹಿಂದೆ ಬೆಂಚು, ಕುರ್ಚಿ; ಹೆಂಗಸರಿಗೆ ಬೇರೆ ಭಾಗ. ಹಗಲೆಲ್ಲ ಬಂಡಿಯಲ್ಲಿ ಕೈಪತ್ರ ಹಂಚುತ್ತ ಸಾರುತ್ತಿದ್ದರು. ರಾತ್ರಿ ಮೂರನೆಯ ಗಂಟೆ ಬಾರಿಸಿತೆಂದರೆ ಕಾಲುಪೆಟ್ಟಿಗೆಯ ಸ್ವರ ಏಳುತ್ತಿತ್ತು, ನಾಂದಿ ಮುಗಿಯುತ್ತಿತ್ತು, ಬೀದಿಯ ಪರದೆ ಸರಿದು ಅರಮನೆಯ ಪರದೆ ಇಳಿಯುತ್ತಿತ್ತು. ಹತ್ತಿಯ ಹೊಲದಲ್ಲಿ ಬೆನ್ನು ಬಗ್ಗಿಸಿ ದುಡಿದು ಬಂದ ಜನ ಮೊದಲ ಸಲ ಅರಮನೆಯ ಕಂಬಗಳನ್ನು ಕಂಡದ್ದು ಆ ಬಟ್ಟೆಯ ಮೇಲೆ.

ಇಷ್ಟೆಲ್ಲ ಸಿದ್ಧತೆ ಯಾರಿಗಾಗಿ? ಒಳಗಿನಿಂದ ಹಾಡುತ್ತ ಬರುವ ನಾಯಿಕೆಗಾಗಿ. ಮೊದಲು ಧ್ವನಿ, ಜನ ಮಾತು ನಿಲ್ಲಿಸುತ್ತಾರೆ. ಆಮೇಲೆ ಸೀರೆಯ ಜರಿಯ ಹೊಳಪು. ಕಡೆಗೆ ಮುಖ. ಬಳ್ಳಾರಿಯ ಸುಭದ್ರಮ್ಮ ಮನ್ಸೂರರು ಕನ್ನಡ ತೆಲುಗು ಎರಡು ಭಾಷೆಗಳ ಪೌರಾಣಿಕ ನಾಟಕಗಳಲ್ಲಿಯೂ ಹಾಡಿ ಗೆದ್ದವರು. 2020ರಲ್ಲಿ ಅವರು ತೀರಿಕೊಂಡಾಗ ರಂಗಗೀತೆಯ ಒಂದು ಪರಂಪರೆಯ ದೊಡ್ಡ ಕೊಂಡಿಯೇ ಕಳಚಿತು. ಕಂದಗಲ್ಲ ಹನುಮಂತರಾಯರ ‘ರಕ್ತರಾತ್ರಿ’ಯಂತಹ ನಾಟಕದಲ್ಲಿ ಸ್ತ್ರೀಪಾತ್ರವೆಂದರೆ ಅಲಂಕಾರಕ್ಕೆ ನಿಂತ ಬೊಂಬೆಯಲ್ಲ. ಪುಟಗಟ್ಟಲೆ ಗದ್ಯವನ್ನು ಒಂದೇ ಉಸಿರಿನಲ್ಲಿ ಆಡಬೇಕು, ಅದರ ತುದಿಯಲ್ಲಿ ಪದ್ಯವನ್ನು ಎತ್ತಿಕೊಳ್ಳಬೇಕು, ಹಿಂದಿನ ಸಾಲಿನಲ್ಲಿ ಮಗುವನ್ನು ಮಲಗಿಸಿಕೊಂಡು ಕುಳಿತ ತಾಯಿಗೂ ಒಂದೊಂದು ಅಕ್ಷರ ಕೇಳಬೇಕು. ಧ್ವನಿವರ್ಧಕ ಬರುವ ಮುನ್ನ ಇದನ್ನು ಸಾಧಿಸಿದ ಕಂಠಗಳ ಬಲವನ್ನು ಇಂದು ಊಹಿಸುವುದೂ ಕಷ್ಟ. ಪದ್ಯ ಮುಗಿಯುವ ಮೊದಲೇ ‘ವನ್ಸ್ ಮೋರ್’ ಏಳುತ್ತಿತ್ತು. ಆಕೆ ಅದೇ ದುಃಖವನ್ನು ಮೊದಲಿನಿಂದ ಮತ್ತೆ ಅನುಭವಿಸಬೇಕಾಗುತ್ತಿತ್ತು.

ಹೆಣ್ಣು ರಂಗಕ್ಕೆ ಬಂದುದು ಸುಲಭವಾಗಿ ಅಲ್ಲ. ಮರಾಠಿ ರಂಗಭೂಮಿಯಲ್ಲಿ ಬಾಲಗಂಧರ್ವರು ಉಟ್ಟ ಸೀರೆಯ ರೀತಿಯನ್ನು ಮನೆಯ ಹೆಂಗಸರು ಅನುಕರಿಸುತ್ತಿದ್ದ ಕಾಲವೊಂದಿತ್ತು. 1914ರಲ್ಲಿ ಹುಟ್ಟಿ ನೂರಮೂರು ವರ್ಷ ಬಾಳಿದ ಏಣಗಿ ಬಾಳಪ್ಪನವರೂ ಮೊದಲಲ್ಲಿ ಹೆಣ್ಣುಪಾತ್ರಗಳಿಂದಲೇ ಹೆಸರಾದವರು. ಬಳ್ಳಾರಿಯ ರಾಘವರು ಮಾತ್ರ ಸ್ತ್ರೀಯ ಪಾತ್ರವನ್ನು ಸ್ತ್ರೀಯೇ ಮಾಡಬೇಕೆಂದು ಹಟ ಹಿಡಿದು, ಮನೆತನದ ಹೆಣ್ಣುಮಕ್ಕಳನ್ನು ರಂಗಕ್ಕೆ ಕರೆತರಲು ಶ್ರಮಿಸಿದರು. ಆದರೆ ಕಂಪನಿಗಳಿಗೆ ಮೊದಮೊದಲು ಬಂದ ಹೆಂಗಸರಲ್ಲಿ ಅನೇಕರು ದೇವರಿಗೆ ಬಿಟ್ಟ ಕುಟುಂಬಗಳವರು. ಹಾಡು ಕುಣಿತ ಬಲ್ಲವರು ಅವರೇ. ರಂಗಕ್ಕೆ ಬಂದರೆ ಕಳೆದುಕೊಳ್ಳಬೇಕಾದ ‘ಮಾನ’ವನ್ನು ಸಮಾಜ ಅವರ ಪಾಲಿಗೆ ಮೊದಲೇ ಉಳಿಸಿರಲಿಲ್ಲ.

ಸಿಂಧನೂರಿನ ಹಸುರು ಹಿಂದಾಗಿ ಬಂಡೆಗಳ ಗುಡ್ಡ ಮುಂದೆ ಕಾಣತೊಡಗಿದಾಗ ಮಸ್ಕಿ ಬಂತೆಂದು ತಿಳಿಯಬೇಕು. ಗುಡ್ಡದ ಮೇಲೆ ಮಲ್ಲಿಕಾರ್ಜುನ, ಊರಿನೊಳಗೆ ಭ್ರಮರಾಂಬೆ. ಭಕ್ತರು ಇದನ್ನು ಎರಡನೆಯ ಶ್ರೀಶೈಲವೆಂದು ಕರೆಯುತ್ತಾರೆ. 1915ರಲ್ಲಿ ಚಿನ್ನದ ಅದಿರನ್ನು ಅರಸುತ್ತಿದ್ದ ಬೀಡನ್ ಎಂಬ ಇಂಜಿನಿಯರನಿಗೆ ಇಲ್ಲಿಯ ಬಂಡೆಯ ಮೇಲೆ ಬ್ರಾಹ್ಮೀ ಅಕ್ಷರಗಳು ಕಂಡವು. ದೇವಾನಾಂಪ್ರಿಯನೆಂಬ ಬಿರುದಿನ ಜೊತೆಗೆ ಅಶೋಕನೆಂಬ ಹೆಸರು ಮೊಟ್ಟಮೊದಲು ದೊರೆತದ್ದು ಇಲ್ಲಿ. ಎರಡು ಸಾವಿರ ವರ್ಷಕ್ಕೂ ಮಿಗಿಲಾಗಿ ಒಬ್ಬ ಅರಸನ ಹೆಸರನ್ನು ಕಾಪಾಡಿಕೊಂಡು ಬಂದ ಬಂಡೆಯದು.

ಇದೇ ಅಶೋಕನು ಗಿರಿನಾರ ಮೊದಲಾದೆಡೆ ಕೆತ್ತಿಸಿದ ಮೊದಲನೆಯ ಬಂಡೆಶಾಸನದಲ್ಲಿ ‘ಸಮಾಜ’ಗಳನ್ನು ಕೂಡಿಸಬಾರದೆಂದು ವಿಧಿಸಿದ್ದಾನೆ. ಸಮಾಜವೆಂದರೆ ಜನ ನೆರೆದು ಉತ್ಸವ ಮಾಡುವ ಕೂಟ. ಕುಣಿತ, ಹಾಡು, ಆಟಗಳು ಅದರಲ್ಲಿ ಸೇರಿದ್ದುವೆಂದು ವಿದ್ವಾಂಸರ ಅಭಿಪ್ರಾಯ. ಇಂತಹ ಕೂಟಗಳಲ್ಲಿ ಬಹಳ ದೋಷಗಳನ್ನು ಕಂಡ ಅರಸನು ಮರುಮಾತಿನಲ್ಲಿಯೇ ಒಳ್ಳೆಯವೆನಿಸಿದ ಕೆಲವು ಸಮಾಜಗಳೂ ಉಂಟೆಂದು ಸೇರಿಸುತ್ತಾನೆ. ರಂಗದ ವಿಷಯದಲ್ಲಿ ನಮ್ಮ ಜನರ ಇಬ್ಬಂದಿ ಅಷ್ಟು ಹಳೆಯದು.

ಆ ಇಬ್ಬಂದಿಯ ಗುರುತು ಕನ್ನಡದ ಒಂದು ಶಬ್ದದಲ್ಲಿಯೇ ಉಳಿದಿದೆ. ‘ಪಾತ್ರ’ವೆಂದರೆ ನಮ್ಮ ಹಳೆಯ ಶಾಸನಗಳಲ್ಲಿ ನರ್ತಕಿ, ದೇವಾಲಯಕ್ಕೆ ಭೂಮಿ ಬಿಟ್ಟುಕೊಟ್ಟ ಅರಸರು ಪೂಜಾರಿಗೆ, ವಾದ್ಯದವರಿಗೆ ಪಾಲು ಹೇಳುವಂತೆ ಪಾತ್ರದವರಿಗೂ ಹೇಳುತ್ತಾರೆ. ಅದೇ ಶಬ್ದ ಜನರ ಬಾಯಿಯಲ್ಲಿ ‘ಪಾತರದವಳು’ ಎಂದಾಗಿ ಬೈಗುಳದ ಮಟ್ಟಕ್ಕೆ ಇಳಿಯಿತು. ರಾತ್ರಿ ‘ಎಂಥ ಪಾತ್ರ ಮಾಡಿದಳು!’ ಎಂದು ತಲೆದೂಗಿದ ನಾಲಗೆಯೇ ಬೆಳಗಾದ ಮೇಲೆ ಆ ಇನ್ನೊಂದು ರೂಪವನ್ನು ಆಡಿತು. ಸೀತೆಯಾಗಿ ಊರನ್ನೇ ಅಳಿಸಿದವಳಿಗೆ ಅದೇ ಊರಿನಲ್ಲಿ ಬಾಡಿಗೆಗೆ ಮನೆ ಸಿಗುತ್ತಿರಲಿಲ್ಲ. ಆಕೆಯ ಮಗುವನ್ನು ಶಾಲೆಗೆ ಸೇರಿಸುವಾಗ ತಂದೆಯ ಹೆಸರಿನ ಪ್ರಶ್ನೆ ಏಳುತ್ತಿತ್ತು. 1982ರಲ್ಲಿ ಕರ್ನಾಟಕವು ದೇವದಾಸಿಯರ ಸಮರ್ಪಣೆಯನ್ನು ಕಾಯಿದೆಯ ಮೂಲಕ ನಿಷೇಧಿಸಿತು. ನಾಲಗೆಯ ಮೇಲಿನ ಶಬ್ದವನ್ನು ಕಾಯಿದೆ ನಿಷೇಧಿಸಲಾರದು.

ರಂಗದ ಕಲೆಗೆ ಇನ್ನೊಂದು ಸಂಕಟವಿದೆ. ಅದು ಎಲ್ಲ ದೇಶಗಳಿಗೂ ಸಮಾನವಾದುದು. ಪಾಶ್ಚಾತ್ಯ ಬ್ಯಾಲೆ ನೃತ್ಯದಲ್ಲಿ ರಷ್ಯದ ಅನ್ನಾ ಪಾವ್ಲೋವಾ ಎಂಬಾಕೆ ಸಾಯುತ್ತಿರುವ ಹಂಸೆಯನ್ನು ಅಭಿನಯಿಸಿ ಜಗತ್ತನ್ನು ಮರುಳುಗೊಳಿಸಿದಳು. ಉದಯಶಂಕರರನ್ನು ತನ್ನೊಡನೆ ಕೃಷ್ಣನಾಗಿ ಕುಣಿಸಿದವಳೂ ಈಕೆಯೇ. ನಮ್ಮ ದೇಶಕ್ಕೂ ಬಂದು ಹೋಗಿದ್ದಳು. 1931ರಲ್ಲಿ ಆಕೆ ತೀರಿಕೊಂಡ ಮೇಲೆ, ಹಂಸೆಯ ಸಂಗೀತವನ್ನು ನುಡಿಸಿ, ಆಕೆ ಇರಬೇಕಾಗಿದ್ದ ರಂಗದ ಮೇಲೆ ಬರಿಯ ಬೆಳಕಿನ ವೃತ್ತವೊಂದನ್ನು ಚಲಿಸಲು ಬಿಟ್ಟರೆಂದು ಹೇಳಿಕೆಯಿದೆ. ನೋಡಿ ಬಲ್ಲವರಿಗೆ ಆ ಬರಿಯ ಬೆಳಕಿನಲ್ಲಿಯೂ ಹಂಸೆ ಕಂಡಿರಬೇಕು. ನೋಡದವರಿಗೆ ಅದು ಹಲಗೆಯ ಮೇಲಿನ ದೀಪ ಮಾತ್ರ. ಮಸ್ಕಿಯ ಬಂಡೆ ಓದಬಲ್ಲವನು ಬರುವವರೆಗೆ ಕಾಯಿತು. ನಟಿಯ ಕೊರಳು, ನರ್ತಕಿಯ ಹೆಜ್ಜೆ ಹಾಗೆ ಕಾಯಲಾರವು. ನೋಡಿದವರ ನೆನಪಲ್ಲದೆ ಅವಕ್ಕೆ ಬೇರೆ ಶಾಸನವಿಲ್ಲ.

ಮಸ್ಕಿಯಿಂದ ಮುಂದೆ ನೆಲ ಒಣಗುತ್ತ, ತೊಗರಿ ಜೋಳಗಳ ಹೊಲಗಳು ಹಬ್ಬುತ್ತ ಲಿಂಗಸುಗೂರು ಬರುತ್ತದೆ. ಇದರ ತಾಲ್ಲೂಕಿನಲ್ಲಿಯೇ ಹಟ್ಟಿಯ ಗಣಿ. ಪಶ್ಚಿಮಕ್ಕೆ ಹೋದರೆ ಇಳಕಲ್ಲು. ಅದು ಸೀರೆಗೆ ಹೇಗೋ ನಾಟಕಕ್ಕೂ ಹಾಗೆಯೇ ಪ್ರಸಿದ್ಧ. ‘ಸಂಪತ್ತಿಗೆ ಸವಾಲ್’ ಬರೆದ ಪಿ. ಬಿ. ಧುತ್ತರಗಿಯವರೂ ಕಂದಗಲ್ಲರೂ ಆ ಸೀಮೆಯವರು. ಹೀಗಾಗಿ ಲಿಂಗಸುಗೂರಿನ ಸುತ್ತಲಿನ ಹಳ್ಳಿಗಳಲ್ಲಿ ಕಂಪನಿಯ ದಾರಿ ಕಾಯದೆ ತಾವೇ ಆಡುವ ರೂಢಿ ಬೇರೂರಿತು. ಕೆಲವು ಊರುಗಳಲ್ಲಿ ದೊಡ್ಡಾಟ: ಅಟ್ಟ ಕಟ್ಟಿ, ಕಿರೀಟ ಭುಜಕೀರ್ತಿ ತೊಟ್ಟು, ಮದ್ದಳೆಯ ಪೆಟ್ಟಿಗೆ ಹಲಗೆ ನಡುಗುವಂತೆ ಕುಣಿತ, ಅಲ್ಲಿ ಬಹುಕಾಲ ಹೆಣ್ಣುವೇಷವೂ ಗಂಡಸಿನದೇ. ಕೆಲವು ಊರುಗಳಲ್ಲಿ ಸಾಮಾಜಿಕ ನಾಟಕ: ತಿಂಗಳುಗಟ್ಟಲೆ ಪೆಟ್ಟಿಗೆ ಮಾಸ್ತರನ ಮುಂದೆ ತಾಲೀಮು ನಡೆಸಿ, ನಾಯಿಕೆಯ ಪಾತ್ರಕ್ಕೆ ಮಾತ್ರ ಹೊರಗಿನಿಂದ ಕಲಾವಿದೆಯನ್ನು ಕರೆಸುತ್ತಾರೆ.

ಈ ಕಲಾವಿದೆಯರ ಶಕ್ತಿಯನ್ನು ಕುರಿತು ಯಾರೂ ಗ್ರಂಥ ಬರೆದಂತಿಲ್ಲ. ಮಧ್ಯಾಹ್ನದ ಬಸ್ಸಿಗೆ ಇಳಿಯುವ ಆಕೆಗೆ ಆ ಊರು ಹೊಸದು, ಜೊತೆಗೆ ನಟಿಸುವವರು ಹೊಸಬರು. ನಾಟಕ ಮಾತ್ರ ಹಳೆಯದು. ಹತ್ತಾರು ನಾಟಕಗಳ ಮಾತು ಬಾಯಿಪಾಠ. ಸಂಜೆ ಒಮ್ಮೆ ಪೆಟ್ಟಿಗೆಯವನೊಡನೆ ಶ್ರುತಿ ಕೂಡಿಸಿಕೊಂಡು, ರಾತ್ರಿ ರಂಗಕ್ಕಿಳಿದು, ಮಾತು ಮರೆತ ನಾಯಕನಿಗೆ ತಾನೇ ಅದನ್ನು ಪ್ರಶ್ನೆಯ ರೂಪದಲ್ಲಿ ಎತ್ತಿಕೊಟ್ಟು, ದೃಶ್ಯ ಬೀಳದಂತೆ ಹಿಡಿದು ನಿಲ್ಲಿಸುತ್ತಾಳೆ. ಮೆಚ್ಚಿದವರು ರಂಗವನ್ನೇರಿ ಆಯೇರು ಮಾಡುತ್ತಾರೆ. ನೋಟಿಗೆ ಪಿನ್ನು ಚುಚ್ಚಿ, ಕೊಟ್ಟವರ ಹೆಸರನ್ನು ಕೂಗಿ ಹೇಳುತ್ತಾರೆ. ಕೊಟ್ಟವರ ಹೆಸರು ಊರಿಗೆಲ್ಲ ಕೇಳಿಸುತ್ತದೆ. ಪಡೆದವಳ ಹೆಸರು ಕೈಪತ್ರದ ಮೂಲೆಯಲ್ಲಿ ಉಳಿದು, ಬೆಳಗಿನ ಗಾಳಿಗೆ ಹಾರಿಹೋಗುತ್ತದೆ.

ಕಾಲ ಸ್ವಲ್ಪ ತಿರುಗಿದೆ ಎನ್ನಬೇಕು. ಕೃಷ್ಣ ಪಾರಿಜಾತದಲ್ಲಿ ಕೌಜಲಗಿ ನಿಂಗಮ್ಮನವರು ಗಂಡಸರ ಆಟವೆನಿಸಿದುದನ್ನು ತಮ್ಮದಾಗಿಸಿಕೊಂಡರು. 1958ರಲ್ಲಿ ಸ್ತ್ರೀಯರದೇ ನಾಟಕ ಮಂಡಳಿ ಕಟ್ಟಿ, ಕಂಸ ದುರ್ಯೋಧನರ ಪಾತ್ರಗಳನ್ನೂ ಆಡಿದ ಆರ್. ನಾಗರತ್ನಮ್ಮನವರಿಗೆ 2012ರಲ್ಲಿ ಪದ್ಮಶ್ರೀ ಸಂದಿತು. ತುಂಗಭದ್ರೆಯ ಆಚೆಯ ಮರಿಯಮ್ಮನಹಳ್ಳಿಯಲ್ಲಿ ಕಾಳವ್ವ ಜೋಗತಿಯಿಂದ ಕಲಿತು, ಎಲ್ಲಮ್ಮನ ಕೊಡವನ್ನು ತಲೆಯ ಮೇಲೆ ಹೊತ್ತು ಕುಣಿದ ಮಂಜಮ್ಮ ಜೋಗತಿಯವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷ ಪೀಠವನ್ನೇರಿದರು, 2021ರಲ್ಲಿ ಪದ್ಮಶ್ರೀ ಪಡೆದರು. ಬೀದಿಯಲ್ಲಿ ಕಂಡರೆ ಮುಖ ತಿರುಗಿಸುತ್ತಿದ್ದ ಸಮಾಜ ಸಭೆಯಲ್ಲಿ ಎದ್ದು ನಿಂತು ಚಪ್ಪಾಳೆ ತಟ್ಟಿತು. ಇದು ಸಣ್ಣ ಮಾತಲ್ಲ. ಆದರೆ ಪದ್ಮಶ್ರೀಯವರೆಗೆ ತಲುಪದೆ ಮಧ್ಯಾಹ್ನದ ಬಸ್ಸಿನಲ್ಲಿಯೇ ಬಾಳನ್ನು ಸವೆಸಿದವರ ಲೆಕ್ಕವನ್ನು ಇಟ್ಟವರು ಯಾರು?

ಆ ಲೆಕ್ಕ ಉಳಿದಿರುವುದು ಈ ಮೂರು ಊರುಗಳ ಮುದುಕರಲ್ಲಿ, ಮುದುಕಿಯರಲ್ಲಿ. ಹಳೆಯ ಟ್ರಂಕಿನ ತಳದಲ್ಲಿ ಹಳದಿಗಟ್ಟಿದ ಕೈಪತ್ರವೊಂದು ಇದ್ದೀತು. ಇಲ್ಲವಾದರೆ ‘ಆಕೆ ಇಂಥ ಊರಾಕೆ, ಹೀಂಗ ನಿಂತು ಹಾಡಿದ್ಲು’ ಎಂದು ಕೈಯೆತ್ತಿ ತೋರಿಸಬಲ್ಲ ಅಜ್ಜಿಯೊಬ್ಬಳು ಇದ್ದಾಳು. ಶಾಸನ ನೋಡಲು ಮಸ್ಕಿಗೆ ಹೋಗುವ ಕಾಲೇಜು ಹುಡುಗರು ಅರ್ಧ ದಿನ ಅಂತಹವರ ಬಳಿ ಕುಳಿತು ಹೆಸರುಗಳನ್ನು ಬರೆದುಕೊಂಡರೆ, ಮುಂದಿನವರಿಗೆ ಓದಲು ಇನ್ನೊಂದು ಶಾಸನ ದೊರಕೀತು. ಬಂಡೆ ನಾಳೆಯೂ ಅಲ್ಲಿಯೇ ಇರುತ್ತದೆ. ಅಜ್ಜಿ ಇರುವಳೆಂಬ ಭರವಸೆಯಿಲ್ಲ.

ಜಾತ್ರೆಯ ದಿನಗಳಲ್ಲಿ ಲಿಂಗಸುಗೂರಿನ ಬಸ್ ನಿಲ್ದಾಣದಲ್ಲಿ ಸ್ವಲ್ಪ ಹೊತ್ತು ನಿಂತವರಿಗೆ ಇಂದಿಗೂ ಒಂದು ನೋಟ ಕಾಣಸಿಗುತ್ತದೆ. ಬಣ್ಣದ ಪೆಟ್ಟಿಗೆ, ಸೀರೆಯ ಚೀಲಗಳೊಂದಿಗೆ ಒಬ್ಬ ಹೆಂಗಸು ಬಸ್ಸಿನಿಂದ ಇಳಿಯುತ್ತಾಳೆ. ಹಳ್ಳಿಯಿಂದ ಕರೆಯಬಂದ ಹುಡುಗರು ಮುಂದೆ ಬಂದು, “ಬರ್ರಿ ಅಕ್ಕಾರ” ಎಂದು ಪೆಟ್ಟಿಗೆಗೆ ಕೈ ಹಚ್ಚುತ್ತಾರೆ. ಆ ‘ಅಕ್ಕಾರ’ ಎಂಬ ಮಾತು ನಾಟಕ ಮುಗಿದ ಮರುದಿನ ಬೆಳಗಿನಲ್ಲಿಯೂ, ಆಕೆಯನ್ನು ಬಸ್ಸಿಗೆ ಹತ್ತಿಸುವಾಗಲೂ ಅವರ ಬಾಯಿಯಲ್ಲಿ ಉಳಿದಿದ್ದರೆ, ಈ ನಾಡು ತನ್ನ ಹಳೆಯ ಸಾಲದಲ್ಲಿ ಒಂದು ಕಂತನ್ನು ತೀರಿಸಿದಂತೆಯೇ.